ನಾಲ್ಕು ಸಾವಿರದ ಹಳ್ಳ

ಹಾಸನದ ದೊಡ್ಡಾಸ್ಪತ್ರೆ. ಎರಡನೇ ಮಹಡಿ.
ದಪ್ಪ ಬಾಗಿಲ ಗೂಡಿನೊಳಗೆ ದ್ಯಾವಯ್ಯ,
ದೋಣಿಗಲ್ಲಿನ ಕೀಮ್ಯಾನು. ಕಿವಿಗೆ ಹೆಡ್‌ಫೋನು,
ಕೈಯಲ್ಲೊಂದು ಗುಂಡಿ: ಕೇಳಿಸಿದರೆ ಒತ್ತಬೇಕು.
ಗಾಜಿನಾಚೆ ನಾನು.

ಇನ್ನೂರೈವತ್ತು, ಒತ್ತಿದ.
ಸಾವಿರ, ಒತ್ತಿದ, ಕೊಂಚ ಯೋಚಿಸಿ.
ನಾಲ್ಕು ಸಾವಿರ. ಏರಿಸಿದೆ. ಇನ್ನೂ ಏರಿಸಿದೆ.
ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು.
ಕಾಗದದ ಗೆರೆ ಹಳ್ಳಕ್ಕೆ ಧುಮುಕಿತು,
ಘಟ್ಟದ ಸೇತುವೆಯಿಂದ ಕಲ್ಲು ಜಾರಿದ ಹಾಗೆ.

"ಮೂವತ್ತೊಂದು ವರ್ಷ ಸುತ್ತಿಗೆ ಬಡ್ದಿವ್ನಿ ಕಣವ್ವ.
ಗಟ್ಟಿ ಹಳಿ ಠಣ್ ಅಂತದೆ, ಸೀಳು ಬಿಟ್ಟಿದ್ದು ಠಪ್ ಅಂತದೆ.
ಅಷ್ಟು ಕೇಳಿದ್ರೆ ಸಾಕು ನಂಗೆ.
ನಿಮ್ ಈ ಜೀರುಂಡೆ ಸದ್ದು ಯಾಕೆ?"

ಠಣ್ಣಿನ ಬಾಲ ಇರುವುದೇ ಆ ಹಳ್ಳದಲ್ಲಿ.
ಹೇಳಲಿಲ್ಲ ನಾನು.

ಅವನು ಹೇಳುತ್ತ ಹೋದ.
ಜೊತೆಗೆ ಬರುವ ಬೂದ ನಾಯಿ
ಕಿವಿ ನಿಮಿರಿಸಿತೆಂದರೆ ಇವನು ಹಳಿ ಬಿಟ್ಟಿಳಿಯುತ್ತಾನೆ;
ತಿರುವಿನಾಚೆಯ ಚಕ್ರ ಕಿರುಗುಟ್ಟಿದ್ದು ಅದಕ್ಕೆ ಗೊತ್ತು.
(ನಲವತ್ತೈದು ಸಾವಿರದವರೆಗೆ ಕೇಳುವ ಪ್ರಾಣಿ.
ನನ್ನ ಯಂತ್ರ ಎಂಟಕ್ಕೇ ಕೈಮುಗಿಯುತ್ತದೆ.)
ಸಂಜೆ ಸುರಂಗದಿಂದ ಬಾವಲಿಗಳು ಹೊರಡುತ್ತವೆ,
ತುಟಿಪಿಟಕ್ಕೆನ್ನದೆ, ಅಂದ.
ಅಯ್ಯೋ, ಅವು ಕಿರುಚುತ್ತಲೇ ಇರುತ್ತವೆ ದ್ಯಾವಯ್ಯ,
ಗೋಡೆ ಮುಟ್ಟಿ ಬಂದ ಕಿರುಚಲು ಹಿಡಿದೇ ದಾರಿ ಹುಡುಕುತ್ತವೆ.
ಕಿವುಡರು ನಾವೇ, ನಾನೂ ಸೇರಿ.

"ಆನೆ ಮಾತ್ರ ಬೇರೆ," ಅಂದ.
"ಒಂದಿನ ಹಳಿ ಪಕ್ಕ ನಿಂತಿತ್ತು, ಮುಂಗಾಲು ಒಂಚೂರು ಎತ್ತಿ.
ಕಿವಿ ಬೀಸ್ತಿರಲಿಲ್ಲ. ನೆಲ ಕೇಳ್ತಿತ್ತು, ಕಾಲಲ್ಲಿ.
ನಾನೂ ಹಳಿಗೆ ಕಿವಿ ಕೊಟ್ಟೆ. ಏನೂ ಇಲ್ಲ.
ಅದು ಮರಿ ತಳ್ಕೊಂಡು ಕಾಡಿಗಿಳೀತು.
ಆಮೇಲೆ ನಂಗೆ ಕೇಳ್ತು, ಗೂಡ್ಸು."

ಕಬ್ಬಿಣದಲ್ಲಿ ಸದ್ದು ಗಾಳಿಗಿಂತ ಹದಿನೈದು ಪಾಲು ಬೇಗ, ಅಂದೆ.
"ಅದ್ಕೇ ಮತ್ತೆ," ಅಂದ,
"ಗಾಳಿ ನಂಬ್ಕೊಂಡೋನು ಉಳಿಯಲ್ಲ."

ಫಾರಂನಲ್ಲಿ ಒಂದೇ ಖಾನೆ ಬಾಕಿ:
ಕೆಲಸಕ್ಕೆ ಯೋಗ್ಯ, ಅಯೋಗ್ಯ.
ಪೆನ್ನು ಕೆಳಗಿಟ್ಟೆ.
ಉಕ್ಕಿನ ಕವೆಯನ್ನು ಮೊಣಕೈಗೆ ಬಡಿದು
ಅದರ ಬುಡವನ್ನು ಅವನ ಕಿವಿಯ ಹಿಂದಿನ ಮೂಳೆಗಿಟ್ಟೆ.

ಕಣ್ಣು ಮುಚ್ಚಿದ.
ಕಾಲು ತಾವಾಗಿ ಕುರ್ಚಿಯಿಂದ ಪಕ್ಕಕ್ಕೆ ಸರಿದವು.

"ಬತ್ತಾ ಅದೆ," ಅಂದ. "ಇನ್ನೂ ದೂರ."