ಠರಾವು ಹನ್ನೊಂದು

ವಹಿಯಲ್ಲಿ ನಾನೇ ಬರೆದದ್ದು, ಅಕ್ಷರ ನನ್ನದೇ:
"ಬಗೀಚಾದ ಗೇಟು ಮಧ್ಯಾಹ್ನ ಹನ್ನೆರಡರಿಂದ ನಾಲ್ಕು ಬಂದ್.
ಬೀಡಿ ಕಟ್ಟುವವರು ಒಳಗೆ ಕೂಡಬಾರದು. ಸರ್ವಾನುಮತ."
ಸರ್ವರು ಎಂದರೆ ಆ ಸಂಜೆ ಏಳು ಮಂದಿ,
ಅಧ್ಯಕ್ಷ ಕಲಶೆಟ್ಟಿಯವರ ಮಾಳಿಗೆ, ಒಂದು ತಾಟು ಹುರಿದ ಶೇಂಗಾ,
ಕೆಳಗೆ ಪವರ್‌ಲೂಮಿನ ಖಟಖಟ.
ಆ ಸದ್ದಿನಲ್ಲಿ ಬೇಡ ಅಂದವರ ದನಿ ಕೇಳಿಸಲಿಲ್ಲ
ಎಂದು ಈಗ ಹೇಳಿದರೆ ನೆಪವಾದೀತು.
ಬೇಡ ಅಂದವರು ಯಾರೂ ಇರಲಿಲ್ಲ.

ನಮ್ಮ ಬಗೀಚಾ ದೊಡ್ಡದೇನಲ್ಲ.
ಮುಚ್ಚಿದ ಗಿರಣಿಯ ಗೋಡೆಗೆ ಬೆನ್ನು ಕೊಟ್ಟ ಹತ್ತು ಗುಂಟೆ,
ಎರಡು ಬೇವು, ಐದು ಬೆಂಚು,
ಸೊಲ್ಲಾಪುರದ ಬಿಸಿಲಿಗೆ ಮಕ್ಕಳ ತೊಡೆ ಸುಡುವ ತಗಡಿನ ಜಾರುಬಂಡೆ.
ಪಾಲಿಕೆಯ ಫಲಕ ಮರಾಠಿಯಲ್ಲಿ,
ಹಾಲಿನವನ ಬೈಗುಳ ಕನ್ನಡದಲ್ಲಿ,
ಬೀಡಿ ಕಟ್ಟುವ ಹೆಂಗಸರ ನಗು ತೆಲುಗಿನಲ್ಲಿ.
ನಾಯಿಗಳಿಗೆ ಮೂರೂ ತಿಳಿಯುತ್ತವೆ.

ಮನೆಗೆ ತಿಂಗಳಿಗೆ ಮೂವತ್ತು ರೂಪಾಯಿ ವರ್ಗಣಿ.
ಕೊಡುವವರು ಕೊಡುತ್ತಾರೆ;
ವಕೀಲ ನಿಂಬರ್ಗಿ ಸಲಹೆ ಕೊಡುತ್ತಾರೆ.
ಹೋದ ಆಷಾಢಕ್ಕೆ ನಲವತ್ತು ಸಸಿ ನೆಟ್ಟೆವು,
ಒಂದೊಂದಕ್ಕೂ ತಗಡಿನ ಪಟ್ಟಿ, ಪಟ್ಟಿಯ ಮೇಲೆ ದಾನಿಯ ಹೆಸರು.

ಆಮೇಲೆ ವೈಶಾಖ.
ಐದು ದಿನಕ್ಕೊಮ್ಮೆ ನಳಕ್ಕೆ ನೀರು, ಆರನೆಯ ದಿನ ಜಗಳ.
ಟ್ಯಾಂಕರಿಗೆ ಅರ್ಜಿ ಬರೆದೆ, ನೆನಪೋಲೆ ಬರೆದೆ,
ನೆನಪೋಲೆಯನ್ನು ನೆನಪಿಸಿ ಇನ್ನೊಂದು ಬರೆದೆ.
ಸಸಿ ಹೋದವು, ಹೆಸರು ನಿಂತವು
ಸಾಲಾಗಿ, ಸಣ್ಣದೊಂದು ಸ್ಮಶಾನದ ಹಾಗೆ.

ಒಂದನ್ನು ಬಿಟ್ಟು.
ಜಾರುಬಂಡೆಯ ಹಿಂದೆ, ಮೂಲೆಯ ಬಾದಾಮಿ.
ಅದಕ್ಕೆ ಹೆಸರಿಲ್ಲ, ಪಟ್ಟಿ ಮೂವತ್ತೊಂಬತ್ತೇ ಬಂದಿದ್ದವು.
ಸೊಂಟದೆತ್ತರ ಬೆಳೆದಿತ್ತು, ಕರುವಿನ ಕಿವಿಯಂಥ ಎಲೆ.
ಕೀಲಿ ಬಿದ್ದ ಹತ್ತನೆಯ ದಿನ ನೋಡುತ್ತೇನೆ,
ಕಿವಿಗಳೆಲ್ಲ ಜೋತು ಬಿದ್ದಿವೆ.

ಮಾಲಿಯನ್ನು ಗದರಿದೆ.
"ನೀರು ನಾ ಯಾವತ್ತೂ ಹಾಕಿಲ್ರಿ," ಅಂದ ನಾಚದೆ,
"ಹಾಕತಿದ್ದಾಕಿ ಭೂದೇವಿ. ಹೊರಗ ಕುಂತಾಳ ನೋಡ್ರಿ."

ಗಿರಣಿ ಗೋಡೆಯ ಗೇಣು ನೆರಳಿನಲ್ಲಿ ಐದಾರು ಜನ,
ಮಡಿಲಲ್ಲಿ ಮೊರ, ಮೊರದಲ್ಲಿ ಜರದಾ.
ಭೂದೇವಿ ತಲೆ ಎತ್ತಲಿಲ್ಲ, ಬೆರಳು ನಿಲ್ಲಲಿಲ್ಲ;
ಸಾವಿರ ಆಗದಿದ್ದರೆ ಕಾರಖಾನೆಯವನು ಎಣಿಸುವುದಿಲ್ಲ.
ಎಲೆ ನೆನೆಹಾಕಿದ ಕಂದು ನೀರು, ಎಣ್ಣೆಯ ಹಳೇ ಡಬ್ಬಿ.
ದಿನಾ ಅದನ್ನು ತಂದು ಬುಡಕ್ಕೆ ಸುರಿಯುತ್ತಿದ್ದಳಂತೆ.
ಚೆಲ್ಲಲು ಮನಸ್ಸು ಬಾರದೆ, ಅಷ್ಟೇ.

"ಈಗ್ಯಾಕ ಬಿಟ್ಟಿ?" ಅಂದೆ.
ಹಲ್ಲಿನಿಂದ ದಾರ ಕಡಿದು ಹೇಳಿದಳು:
"ಬಿಟ್ಟಿಲ್ರಿ ಸಾಹೇಬ.
ಗೇಟಿನ ಸರಳಿನ್ಯಾಗಿಂದ ಎಷ್ಟು ದೂರ ಹಾರತದ ನೀರು?"

ತಿರುಗಿ ನೋಡಿದೆ.
ಗೇಟಿನ ಒಳಗೆ, ನೆಲದ ಮೇಲೆ,
ಬೀಸಣಿಗೆಯಂತೆ ಹರಡಿದ ಕಂದು ಕಲೆ,
ಹತ್ತು ದಿನದ್ದು, ಒಂದರ ಮೇಲೊಂದು,
ಎಲ್ಲಕ್ಕಿಂತ ದೂರದ್ದು ನಾಲ್ಕು ಮೊಳ.
ಬಾದಾಮಿ ಅಲ್ಲಿಂದ ಮೂವತ್ತು ಹೆಜ್ಜೆ.

ಠರಾವು ರದ್ದಾಗಿಲ್ಲ.
ರದ್ದು ಮಾಡಲು ಸಭೆ ಸೇರಬೇಕು, ಸೇರಲು ಏಳು ಜನ ಬೇಕು,
ಶೇಂಗಾ ಬೇಕು, ನನಗೆ ಇಲ್ಲದ ಗಂಟಲು ಬೇಕು.
ದಿನಾ ಹನ್ನೆರಡಕ್ಕೆ ಹೋಗುತ್ತೇನೆ,
ಮಾಳಿಗೆಯವರೆಗೆ ಕೇಳುವಂತೆ ಸರಪಳಿ ಎರಡು ಸಲ ಜಗ್ಗುತ್ತೇನೆ,
ಕೀಲಿಯನ್ನು ಜೇಬಿಗೆ ಹಾಕಿಕೊಳ್ಳುತ್ತೇನೆ.

ನಲವತ್ತನೆಯ ಪಟ್ಟಿ ಮಾಡಿಸಲೇ ಎಂದು ಕೇಳಿದ್ದೆ.
"ಬ್ಯಾಡ್ರಿ. ತಗಡು ಕಾದು ಬುಡ ಸುಡತದ."

ಈಗ ಆಚೆ ತುದಿಯ ಬೆಂಚು ನನ್ನದು.
ಪೇಪರು ಬಿಡಿಸಿ ಕೂಡುತ್ತೇನೆ.
ಜರದಾದ ಘಾಟು ನನಗೆ ಈಗಲೂ ಆಗದು;
ಸೀನು ಬಂದರೆ ಟವೆಲ್ಲಿನಲ್ಲಿ ಮುಖ ಹುದುಗಿಸುತ್ತೇನೆ,
ಮೇಲೆ ಕಲಶೆಟ್ಟಿಯವರ ಕಿಟಕಿ ತೆರೆದೇ ಇರುತ್ತದೆ.