ಹದಿನೇಳು ಸಲ

ಬಾಗಿಲಾ ತಗದೆ. ನಾ ಇನ್ನಾ ಒಳಗ ಕಾಲಿಟ್ಟಿಲ್ಲ,
ತಾನಽ ಎದ್ದು ನಿಂತಿತು ಮುಚ್ಚಳ.
ಹಿಂದ ಸರದೆ.
ಯಾರರ ಅದಾರೇನೋ ಅಂತ
ಒಮ್ಮೆ ಕೆಮ್ಮಿದೆ, ನಮ್ಮೂರ ರೀತಿಲೆ.
ತಿರುಗಿ ಯಾರೂ ಕೆಮ್ಮಲಿಲ್ಲ.

ಜಪಾನದಾಗ ಮೊದಲನೇ ರಾತ್ರಿ ಅದು.
ಪಂದ್ಯ ನಾಡದ್ದು, ಸೈಕಲ್ಲು ಇನ್ನಾ ಡಬ್ಬಿಯೊಳಗ,
ಹೊಟ್ಟಿ ಮಾತ್ರ ವಿಮಾನದ ಅನ್ನಾ ಉಂಡು
ತನ್ನ ಪಂದ್ಯ ಸುರು ಮಾಡಿತ್ತು.

ಕುಂತೆ. ಬೆಚ್ಚಗಿತ್ತು,
ಈಗಷ್ಟ ಯಾರೋ ಎದ್ದು ಹೋದ ಬಸ್ಸಿನ ಸೀಟಿನಂಗ.
ಗ್ವಾಡಿಗೆ ಹನ್ನೊಂದು ಗುಂಡಿ,
ಒಂದರ ಮ್ಯಾಲೂ ನನಗ ಬರು ಅಕ್ಷರಿಲ್ಲ.
ಕಾರಂಜಿ ಚಿತ್ರ ಇದ್ದದ್ದು ಒತ್ತಿದೆ.
ನೆಟ್ಟಗ ಜಾಗಾಕ್ಕ ಬಂತು ನೀರು, ಉಗುರಬೆಚ್ಚಗ,
ಸಾಲಿ ಕಲಿತ ನೀರು!
ನಿಂದರಸು ಗುಂಡಿ ಯಾವುದಂತ ತಿಳೀಲಿಲ್ಲ.
ಎದ್ದುಬಿಟ್ಟೆ.
ಎದುರಿನ ಗ್ವಾಡಿ ತೊಯ್ತು,
ಭಾರತ ಅಂತ ಬರದಿದ್ದ ನನ್ನ ಜಾಕೀಟು ತೊಯ್ತು.

ಇನ್ನೊಂದು ಗುಂಡಿ ಒತ್ತಿದ್ರ
ಹಳ್ಳ ಹರಿಯು ಸಪ್ಪಳ.
ಹಳ್ಳಿಲ್ಲ, ನೀರಿಲ್ಲ, ಸಪ್ಪಳಷ್ಟ.
ಮಾಲೀಸಿನ ಹುಡುಗಿ ಯೂಕಾರಿ ಮರುದಿನ ಹೇಳಿದಳು:
ತಮ್ಮ ಸಪ್ಪಳ ಯಾರಿಗೂ ಕೇಳಬಾರದಂತ
ಹೆಣ್ಣಮಕ್ಕಳು ಸುಮ್ಮಸುಮ್ಮನ ನೀರು ಬಿಡತಿದ್ರಂತ, ಕೊಡಗಟ್ಟಲೆ.
ಆ ನೀರು ಉಳಸಾಕ ಈ ಸುಳ್ಳ ಹಳ್ಳ.
ತಂಡದ ಹುಡುಗ್ಯಾರು ಬಿದ್ದುಬಿದ್ದು ನಕ್ಕರು.

ನಾ ನಗಲಿಲ್ಲ.
ಹೊರ್ತಿ ದಾಟಿದ ಮ್ಯಾಲ ಸೊಲ್ಲಾಪುರ ರಸ್ತಾದ ದಂಡಿಗೆ,
ನಿಂಬಿ ತ್ವಾಟದ ಬೇಲಿ ಬಾಜೂಕ,
ಕತ್ತಲಾದ ಮ್ಯಾಲ ಚರಿಗಿ ಹಿಡಕೊಂಡು ಹೋಗತಿದ್ವಿ.
ನೀಲಗಂಗವ್ವ ದೊಡ್ಡವ್ವ ಮುಂದ, ಬಳಿ ಕುಣಿಸಿಕೋತ.
ಲಾರಿ ಬೆಳಕು ಬಿತ್ತಂದ್ರ
ಎಲ್ಲಾರೂ ಒಮ್ಮೆಲೆ ಎದ್ದು ನಿಲ್ಲತಿದ್ವಿ
ಅರ್ಧಕ್ಕ, ಹೊಟ್ಟಿ ಬಿಗಿಹಿಡದು,
ಸಾಹೇಬ ಬಂದಾಗ ಸಾಲಿ ಹುಡುಗರು ಎದ್ದಂಗ.
ಬೆಳಕು ಹೋದಮ್ಯಾಲ ಕುಂಡ್ರತಿದ್ವಿ.
ಮತ್ತೊಂದು ಲಾರಿ. ಮತ್ತ ಎದ್ದು.
ಒಂದಿನ ಎಣಿಸಿದ್ದೆ: ಹದಿನೇಳು.
ಸೈಕಲ್ ತುಳಿಯು ಕಾಲು ನನಗ ಅಲ್ಲೇ ಬಂದ್ವು ಅಂತೀನಿ,
ಕೋಚ್ ನಂಬೂದಿಲ್ಲ.

ಎರಡನೇ ರಾತ್ರಿ ಮತ್ತ ಆ ಖೋಲಿಗೆ ಹೋದೆ.
ಅದು ಎದ್ದು ನಿಂತಿತು.
ಹೊರಗ ಬಂದೆ. ಮುಚ್ಚೂತನಕ ಕಾದೆ.
ಹೋದೆ. ಎದ್ದಿತು.
ಮುಂಜಾನೆ ಪಂದ್ಯ ಇತ್ತು ನನಗ, ನಿದ್ದಿ ಮಾಡಬೇಕಿತ್ತು.
ಹದಿನೇಳು ಸಲ ಎಬ್ಬಿಸಿದೆ ಅದನ್ನ.

ಒಂಬತ್ತನೇವಳು ಬಂದೆ. ಅದು ಬ್ಯಾರೆ ಮಾತು.

ಅಲ್ಲಿ ಜಳಕಾ ಮಾಡಿದ ಮ್ಯಾಲ ಜಳಕಾ.
ಗಿಡ್ಡ ಮಣಿ ಮ್ಯಾಲ ಕುಂತು ಮೈ ತಿಕ್ಕೊಂಡು
ಆಮ್ಯಾಲ ಒಂದಽ ಬಿಸಿನೀರಿಗೆ ಎಲ್ಲಾರೂ, ಅರಿವಿ ಇಲ್ಲದ.
ನಾ ಟವೆಲ್ಲಿಗೆ ಜ್ವಾತಬಿದ್ದು ಮೂಲ್ಯಾಗ ನಿಂತಿದ್ದೆ.
ಅಡಗಿ ಮನಿ ಮುದುಕಿ
ನನ್ನ ತೊಡಿ ಮ್ಯಾಲಿನ ಡಾಂಬರದ ಕಲಿ ನೋಡಿ
ತನ್ನ ಹೊಟ್ಟಿ ಮ್ಯಾಲಿನ ಹೊಲಿಗಿ ತೋರಿಸಿದಳು.
ಸರದು ಜಾಗಾ ಕೊಟ್ಟಳು. ಇಳದೆ.

‘ಒಂದಽ ನೀರಾಗ? ಯಾರು, ಯಾ ಓಣ್ಯಾವರಂತ ಕೇಳೂದಿಲ್ಲೇನು?’
ಅಂದಳು ದೊಡ್ಡವ್ವ.
ನಮ್ಮೂರಾಗ ಬಾವಿ ಎರಡು.
ಅರಿವಿ ಬಿಚ್ಚಿಟ್ಟವರಿಗೆ ಏನಂತ ಕೇಳೂದು ದೊಡ್ಡವ್ವ, ಅಂದೆ.
ಹಳ್ಳದ ಗುಂಡಿ ಸುದ್ದಿ ಹೇಳಿದ್ರ
‘ಬರೇ ಸಪ್ಪಳಾ? ನೀರು ಬರೂದಿಲ್ಲ?
ಹಂಗಾರ ನಮ್ಮ ಓಣಿ ನಳ ಅದು!’

ಈಗ ಹಿತ್ತಲದಾಗ ನಮ್ಮದೂ ಒಂದೈತಿ,
ತಗಡಿನ ಬಾಗಿಲು, ಚಿಲಕಿಲ್ಲ.
ದೊಡ್ಡವ್ವ ಚರಿಗಿ ತುಂಬಕೊಂಡು ಒಳಗ ಹೋದಳು.
ನಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.
ರಸ್ತಾದ ಮ್ಯಾಲ ಲಾರಿ ಹೊಳ್ಳಿತು,
ತಗಡಿನ ತೂತಿನೊಳಗಿಂದ ಬೆಳಕು ಬಿತ್ತು.
ಒಳಗ ಬಳಿ ಸಪ್ಪಳ.
ಎದ್ದು ನಿಂತಿದ್ದಳು.

ಕುಂಡ್ರು ದೊಡ್ಡವ್ವ, ಅಂದೆ. ಕುಂಡ್ರು.