ಹಗ್ಗದವನ ಪರವಾನಗಿ

ಪಾದ್ರಿಯಾಗಲು ನನಗೆ ಹನ್ನೊಂದು ನಿಮಿಷ ಹಿಡಿಯಿತು,
ಅದರಲ್ಲಿ ಮೂರು, ಕನ್ನಡಕ ಹುಡುಕಲು.
ಹೆಸರು: ಆರ್ವೊ ನಿಸ್ಕಾನೆನ್. ಊರು: ಡುಲೂತ್.
ನಂಬಿಕೆ ಏನೆಂದು ಯಾರೂ ಕೇಳಲಿಲ್ಲ.
ಕೇಳಿದ್ದರೆ ಫೋನು ಕೆಳಗಿಟ್ಟು
ಒಲೆಯ ಮೇಲಿನ ಸೂಪು ಕದಡುತ್ತಿದ್ದೆನೇನೋ.

ಮೂವತ್ತು ವರ್ಷ ಬಂದರಿನಲ್ಲಿ ಹಡಗು ಕಟ್ಟಿದವನು.
ಗಂಟು ಬಲ್ಲೆ; ನಂಟಿನ ವಿಷಯ ಬೇರೆ.
ಕೌಂಟಿ ಕಚೇರಿಯ ಕಿಟಕಿಯಲ್ಲಿ ನನ್ನ ಪತ್ರಕ್ಕೆ
ಮೊಹರು ಒತ್ತಿದವಳು
ಹಿಂದೆ ಇದೇ ಕಟ್ಟಡದಲ್ಲಿ
ನನ್ನ ವಿಚ್ಛೇದನಕ್ಕೂ ಒತ್ತಿದವಳೇ.
ಆಗ ತಲೆ ಎತ್ತಿರಲಿಲ್ಲ. ಈಗ ಎತ್ತಿದಳು.
"ನೀವಾ?" ಅಂದಳು.
ನಾನೇ, ಅಂದೆ.

ಮರಿಟ್‌ಗೆ ಚರ್ಚು ಬೇಡ, ಡೆಸ್ಮಂಡನಿಗೆ ಕೋರ್ಟು ಬೇಡ.
ನನ್ನ ಪಾಳಿಯ ಹುಡುಗ ಅವನು; ಕೊರೆಯುವ ಬೆಳಗುಗಳಲ್ಲಿ
ಒಂದೇ ಥರ್ಮಾಸಿನ ಕಾಫಿ ಕುಡಿದವರು.
"ನೀನೇ ಮಾಡಿಬಿಡು" ಅಂದ,
ಟೈರು ಬದಲಿಸಿಕೊಡು ಅನ್ನುವ ಹಾಗೆ.

ಅಕ್ಟೋಬರಿನ ದಡ. ಸರೋವರದ ಗಾಳಿ
ಬಾಡಿಗೆ ಕೋಟಿನೊಳಗೆ ಕೈಹಾಕಿ ತಡಕಾಡುತ್ತಿತ್ತು.
ಬರೆದುಕೊಂಡು ಬಂದಿದ್ದೆ:
ಅದಿರು ತುಂಬಿದಂತೆಲ್ಲ ಹಡಗು ತಗ್ಗುತ್ತೆ,
ಕಟ್ಟಿ ಮನೆಗೆ ಹೋಗುವ ಹಾಗಿಲ್ಲ,
ರಾತ್ರಿಯಿಡೀ ಹಗ್ಗ ನೋಡುತ್ತಿರಬೇಕು, ಅಂತ.
ಓದಲಿಲ್ಲ.
ಮುಂದಿನ ಸಾಲಿನಲ್ಲಿ ಮರಿಟ್‌ಳ ಅಜ್ಜಿ ನಡುಗುತ್ತಿದ್ದಳು.
ಒಪ್ಪಿಗೆಯಾ? ಒಪ್ಪಿಗೆಯಾ? ಎರಡು ಹೂಂ.
"ಮಿನ್ನೆಸೋಟ ರಾಜ್ಯ ನನಗೆ ಕೊಟ್ಟ ಅಧಿಕಾರದಿಂದ..."
ಅಲ್ಲಿ ಗಂಟಲು ಕಟ್ಟಿತು.
ಉಳಿದದ್ದನ್ನು ನೀರುಹಕ್ಕಿಯೊಂದು ಕಿರುಚಿತು.
ಜನ ನಕ್ಕರು, ಅವರು ಮುತ್ತಿಟ್ಟುಕೊಂಡರು,
ಮದುವೆ ಆಗಿಹೋಯಿತು.

ಸೋಮವಾರ ಹಡಗುಕಟ್ಟೆಯಲ್ಲಿ ನನ್ನ ಹೆಸರು "ರೆವೆರೆಂಡ್".
ಹಡಗಿನ ಅಡುಗೆಯವ ಮೇಲಿನಿಂದ ಗಾಳಿಯಲ್ಲಿ ಶಿಲುಬೆ ಗೀರಿದ,
ಎಸೆದ ಹಗ್ಗ ಹೆಗಲಿಗೆ ಬಡಿಯಿತು.
ನಗದೆ ಇದ್ದವನು ಕ್ರೇನಿನ ಮುದುಕ ಟೋರ್ವಾಲ್ಡ್ ಒಬ್ಬನೇ.
ಊಟದ ಹೊತ್ತಿಗೆ ಪಕ್ಕ ಬಂದು ಕೂತ,
ಬುತ್ತಿ ಬಿಚ್ಚಲಿಲ್ಲ.
"ಲೂಯೆಲ್ಲಾ ಆಸ್ಪತ್ರೆಯಲ್ಲಿದಾಳೆ. ಗೊತ್ತಲ್ಲ."
ಗೊತ್ತು. "ನಂಗೆ ಪ್ರಾರ್ಥನೆ ಬರಲ್ಲ ಮಾರಾಯ,
ನಂದು ಮದುವೆಗಷ್ಟೇ ಪರವಾನಗಿ."
"ಮದುವೆಯದೇ" ಅಂದ.
ನಲವತ್ತೊಂದು ವರ್ಷ ಒಂದೇ ಸೂರು, ಒಂದೇ ಟಪಾಲು ಡಬ್ಬ,
ಕಾಗದ ಮಾತ್ರ ನಾಳೆ ನಾಳೆ ಅಂತ.
"ಅವಳೇ ಕೇಳ್ತಿದಾಳೆ."

ಗುರುವಾರ, ನಾಲ್ಕರಿಂದ ಐದು, ಮೂರನೇ ಮಹಡಿ.
ಸಿಂಕಿನ ಮುಂದೆ ನಿಂತು ಗ್ರೀಸು ಉಜ್ಜುತ್ತಿದ್ದೇನೆ,
ಉಗುರಿನ ಸಂದಿಯದು ಹೋಗುತ್ತಿಲ್ಲ.
ಬರೆದ ಚೀಟಿ ಕೋಟಿನ ಜೇಬಿನಲ್ಲೇ ಇತ್ತು.
ಕೋಟು ಅಂಗಡಿಗೆ ವಾಪಸು ಹೋಗಿದೆ.